ಗೃಹಸ್ಥರ ವಿಚಾರ: ವ್ಯಸನ ಬಿಡಿಸುವವರ ಅರ್ಹತಾಪತ್ರ

ವಕೀಲನಿಗೆ ಸನ್ನದು ಉಂಟು. ವೈದ್ಯನ ಹೆಸರು ವೈದ್ಯಮಂಡಲಿಯ ದಾಖಲೆಯಲ್ಲಿ ಏರಿರಬೇಕೆಂಬ ನಿಯಮ ಉಂಟು. ಬಾಡಿಗೆಯ ಮೋಟಾರು ನಡೆಸುವವನ ಜೇಬಿನಲ್ಲಿಯೂ ಸರಕಾರದ ಮುದ್ರೆಯುಳ್ಳ ಲೈಸೆನ್ಸು ಇರತಕ್ಕದ್ದು. ಆದರೆ ಮನೆಯ ಯಜಮಾನನೋ ಬೆಳೆದ ಮಗನೋ ಮದ್ಯಕ್ಕೆ ವಶನಾಗಿ, ಹೆಂಡತಿಯ ಕೊರಳಿನ ಸರ ಒತ್ತೆಗೆ ಹೋಗಿ, ಮಕ್ಕಳ ಶಾಲೆಯ ಶುಲ್ಕ ನಿಂತು, ಮನೆಯವರೆಲ್ಲ ದಿಕ್ಕುಗಾಣದೆ ಕುಳಿತಿರುವ ಸಮಯದಲ್ಲಿ, "ನನ್ನ ಬಳಿ ಒಪ್ಪಿಸಿರಿ, ನಾನು ಬಿಡಿಸುತ್ತೇನೆ" ಎಂದು ಮುಂದೆ ಬರುವ ಮನುಷ್ಯನನ್ನು, "ಈ ಕೆಲಸ ನಿಮಗೆ ಬರುವುದೆಂಬುದಕ್ಕೆ ಸಾಕ್ಷಿ ಏನು?" ಎಂದು ಕೇಳುವ ಅಭ್ಯಾಸ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಅದು ಎಂಥ ಕಡ್ಡಿಯೆಂದು ಪರೀಕ್ಷಿಸುವ ವ್ಯವಧಾನ ಅವನಿಗೆಲ್ಲಿಯದು?

ಈ ವಿಚಾರವನ್ನು ಈ ತಿಂಗಳು ಎತ್ತಿಕೊಳ್ಳುವುದಕ್ಕೆ ವಾಚಕರೊಬ್ಬರ ಕಾಗದವೇ ಕಾರಣ. ಅವರ ಮಗಳು ಅಮೆರಿಕದ ಒಂದು ಸಂಸ್ಥಾನದಲ್ಲಿ ಕೆಲವು ವರ್ಷ ಶ್ರಮಪಟ್ಟು, ಮದ್ಯ ಮತ್ತು ಮಾದಕವಸ್ತುಗಳ ವ್ಯಸನಿಗಳಿಗೆ ಸಲಹೆ ಹೇಳುವ ವೃತ್ತಿಗೆ ಅರ್ಹತಾಪತ್ರ ಪಡೆದಿದ್ದಾಳೆ. ಈಗ ಅಳಿಯನಿಗೆ ಬೇರೊಂದು ಸಂಸ್ಥಾನದಲ್ಲಿ ಕೆಲಸವಾಗಿದೆ. ಅಲ್ಲಿಗೆ ಹೋದರೆ ಈ ಪತ್ರ ತಾನಾಗಿ ಸಲ್ಲುವುದಿಲ್ಲವೆಂದು ತಿಳಿದು ಮಗಳು ಖಿನ್ನಳಾಗಿರುವಳಂತೆ. "ದೇಶ ಒಂದೇ, ಬಾವುಟ ಒಂದೇ, ನಾಣ್ಯ ಒಂದೇ, ನಡುವೆ ಒಂದು ಗೆರೆ ದಾಟಿದ ಮಾತ್ರಕ್ಕೆ ಕಲಿತ ವಿದ್ಯೆ ಹಿಂದೆಯೇ ಉಳಿದುಬಿಡುವುದೆ?" ಎಂಬುದು ತಂದೆಯ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ಉತ್ತರ ಹೇಳಬೇಕಾದರೆ ಈ ವೃತ್ತಿ ಹುಟ್ಟಿದ ಬಗೆಯನ್ನು ಸ್ವಲ್ಪ ಹೇಳಬೇಕಾಗುತ್ತದೆ.

ಕುಡುಕನಿಗೆ ಬುದ್ಧಿ ಹೇಳುವವರು ಎಲ್ಲ ಕಾಲದಲ್ಲಿಯೂ ಇದ್ದರು. ಅದೊಂದು ವೃತ್ತಿಯೆಂಬ ಭಾವನೆ ಮಾತ್ರ ಹೊಸದು. 1935ರಲ್ಲಿ ಓಹಾಯೋ ಸಂಸ್ಥಾನದ ಆಕ್ರನ್ ಪಟ್ಟಣದಲ್ಲಿ ಬಿಲ್ ವಿಲ್ಸನ್ ಎಂಬ ಷೇರುಪೇಟೆಯ ವ್ಯವಹಾರಸ್ಥನೂ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನೂ ಸಂಧಿಸಿದರು. ಇಬ್ಬರೂ ಕುಡಿತದಿಂದ ಕೆಟ್ಟವರು. ಒಬ್ಬ ವ್ಯಸನಿಯ ಮಾತು ಇನ್ನೊಬ್ಬ ವ್ಯಸನಿಗೆ ನಾಟುವಂತೆ ಪಂಡಿತನ ಮಾತು ನಾಟುವುದಿಲ್ಲವೆಂಬುದನ್ನು ಅವರು ತಮ್ಮ ಅನುಭವದಿಂದಲೇ ಕಂಡುಕೊಂಡರು. ಅವರಿಂದ ಬೆಳೆದ 'ಆಲ್ಕೊಹಾಲಿಕ್ಸ್ ಅನಾನಿಮಸ್' ಎಂಬ ಬಳಗದ ಕೂಟಗಳು ಇಂದು ನಮ್ಮ ಬೆಂಗಳೂರು ಮಂಗಳೂರುಗಳಲ್ಲಿಯೂ ನಡೆಯುತ್ತವೆ. ಆ ಬಳಗದಲ್ಲಿ ಸಂಬಳವಿಲ್ಲ, ಪದವಿಯಿಲ್ಲ, ಹೆಸರು ಹೇಳಬೇಕೆಂಬ ನಿರ್ಬಂಧವೂ ಇಲ್ಲ. ಅನಂತರ ಮಿನ್ನೆಸೋಟ ಸಂಸ್ಥಾನದಲ್ಲಿ, 1949ರಲ್ಲಿ ಆರಂಭವಾದ ಹೇಜಲ್ಡನ್ ಎಂಬ ಆಶ್ರಯದಲ್ಲಿಯೂ ವಿಲ್ಮರ್ ಊರಿನ ಸರಕಾರಿ ಮಾನಸಿಕ ಆಸ್ಪತ್ರೆಯಲ್ಲಿಯೂ, ಕುಡಿತ ಬಿಟ್ಟು ಸ್ಥಿರವಾಗಿ ನಿಂತವರನ್ನು ವೈದ್ಯರ ಜೊತೆಯಲ್ಲಿ ಸಂಬಳಕ್ಕೆ ಇಟ್ಟುಕೊಳ್ಳುವ ಪದ್ಧತಿ ಬಂದಿತು. ವೈದ್ಯ, ಮನಶ್ಶಾಸ್ತ್ರಜ್ಞ, ದಾದಿ ಇವರ ಸಾಲಿನಲ್ಲಿ ಪದವಿಯಿಲ್ಲದ ಒಬ್ಬ ಮಾಜಿ ಕುಡುಕನಿಗೆ ಕುರ್ಚಿ ಹಾಕಿದುದು ಆ ಕಾಲಕ್ಕೆ ಸಾಮಾನ್ಯ ಧೈರ್ಯವಲ್ಲ.

1956ರಲ್ಲಿ ಅಮೆರಿಕದ ವೈದ್ಯಸಂಘವು ಮದ್ಯವ್ಯಸನವನ್ನು ರೋಗವೆಂದು ಪರಿಗಣಿಸಿ, ಅಂಥವರನ್ನು ಆಸ್ಪತ್ರೆಗಳು ಸೇರಿಸಿಕೊಳ್ಳಬೇಕೆಂದು ಸಾರಿತು. 1970ರ ಕೊನೆಯ ದಿನ ಅಧ್ಯಕ್ಷ ನಿಕ್ಸನ್ ಅಂಕಿತ ಹಾಕಿದ ಶಾಸನವೊಂದರಿಂದ ಈ ಚಿಕಿತ್ಸೆಗೆ ಕೇಂದ್ರ ಸರಕಾರದ ಹಣ ಹರಿಯತೊಡಗಿತು. ಆ ಶಾಸನಕ್ಕಾಗಿ ಹೋರಾಡಿದವರು ಅಯೋವಾ ಸಂಸ್ಥಾನದ ಸೆನೆಟರ್ ಹೆರಾಲ್ಡ್ ಹ್ಯೂಸ್. ಅವರೂ ಕುಡಿತದ ಕೂಪದಿಂದ ಮೇಲೆದ್ದು ಬಂದವರೇ. ಸರಕಾರದ ಹಣದ ಹಿಂದೆ ವಿಮಾ ಕಂಪನಿಗಳ ಹಣವೂ ಬಂದಿತು. ಹಣ ಹರಿದಲ್ಲಿ ಜನ ಸೇರುವುದು ಲೋಕರೂಢಿ. ಊರಿಗೊಂದು ಚಿಕಿತ್ಸಾಲಯ ಎದ್ದಿತು, ಸಲಹೆಗಾರರ ಸಂಖ್ಯೆ ಬೆಳೆಯಿತು. ಅವರಲ್ಲಿ ಯಾರು ನಿಜವಾಗಿ ಬಲ್ಲವರು, ಯಾರು ಬರಿಯ ಮಾತುಗಾರರು ಎಂಬುದನ್ನು ಅಳೆಯುವ ಕೋಲು ಮಾತ್ರ ಯಾರಲ್ಲಿಯೂ ಇರಲಿಲ್ಲ.

ಆಗ ಒಂದೊಂದು ಸಂಸ್ಥಾನದಲ್ಲಿಯೂ ಒಂದೊಂದು ಮಂಡಳಿ ಹುಟ್ಟಿ ತನಗೆ ತೋರಿದ ಅಳತೆಯನ್ನು ಗೊತ್ತುಮಾಡಿತು. ನಮ್ಮ ಹಿರಿಯರ ಕಾಲದ ಸೇರು ಬಳ್ಳಗಳನ್ನು ನೆನೆಸಿಕೊಂಡರೆ ಮುಂದಿನ ಅವಸ್ಥೆ ತಾನಾಗಿ ತಿಳಿದೀತು. ಒಂದು ಸಂತೆಯ ಸೇರು ಇನ್ನೊಂದು ಸಂತೆಗೆ ಹೊಂದುತ್ತಿರಲಿಲ್ಲ. ಪ್ರತಿಯೊಂದು ಊರೂ ತನ್ನ ಸೇರೇ ಸರಿಯಾದ ಸೇರೆಂದು ವಾದಿಸುತ್ತಿತ್ತು. ಈ ತೊಡಕನ್ನು ಬಿಡಿಸುವುದಕ್ಕಾಗಿ 1981ರಲ್ಲಿ ಕೆಲವು ಮಂಡಳಿಗಳು ಕೂಡಿ ಒಂದು ಒಕ್ಕೂಟವನ್ನು ಕಟ್ಟಿದವು. ಅದರ ಹೆಸರನ್ನು ಕನ್ನಡದಲ್ಲಿ 'ಅರ್ಹತಾಪತ್ರ ಮತ್ತು ಪರಸ್ಪರ ಮಾನ್ಯತೆಯ ಅಂತರರಾಷ್ಟ್ರೀಯ ಒಕ್ಕೂಟ' ಎನ್ನಬಹುದು, ಅಲ್ಲಿಯವರು ಐ.ಸಿ. ಅಂಡ್ ಆರ್.ಸಿ. ಎಂದು ಚುಟುಕಾಗಿ ಕರೆಯುತ್ತಾರೆ. ಇಂದು ಅಮೆರಿಕದ ಬಹುಪಾಲು ಸಂಸ್ಥಾನಗಳ ಮಂಡಳಿಗಳು, ಮೂಲನಿವಾಸಿ ಜನಾಂಗಗಳ ಮಂಡಳಿಗಳು, ಹೊರದೇಶದ ಕೆಲವು ಮಂಡಳಿಗಳು ಅದರಲ್ಲಿ ಸೇರಿವೆ. ಒಂದೇ ಪರೀಕ್ಷೆ, ಒಂದೇ ಕನಿಷ್ಠ ಅಳತೆ. ಅದಕ್ಕಿಂತ ಹೆಚ್ಚಿನದನ್ನು ಕೇಳುವ ಸ್ವಾತಂತ್ರ್ಯ ಆಯಾ ಮಂಡಳಿಗೆ ಉಂಟು.

ಆ ಅಳತೆ ಎಂಥದು? ಮದ್ಯ ಮತ್ತು ಮಾದಕವಸ್ತು ಸಲಹೆಗಾರನ ಪತ್ರಕ್ಕೆ ಬಹುಕಾಲದಿಂದ ನಡೆದುಬಂದ ಲೆಕ್ಕವೆಂದರೆ 6,000 ಗಂಟೆಗಳ ಮೇಲ್ವಿಚಾರಣೆಯ ಕೆಲಸ. ಎಂದರೆ ಪೂರ್ಣಕಾಲದ ದುಡಿಮೆಯಲ್ಲಿ ಮೂರು ವರ್ಷ. ಸಂಬಂಧಪಟ್ಟ ಶಾಸ್ತ್ರದಲ್ಲಿ ಪದವಿಯಿದ್ದವರಿಗೆ ಇದರಲ್ಲಿ ರಿಯಾಯಿತಿ ದೊರೆಯುತ್ತದೆ. ಸ್ನಾತಕೋತ್ತರ ಪದವಿಯಿದ್ದರೆ 2,000 ಗಂಟೆಗಳಿಗೆ ಇಳಿಯುತ್ತದೆ. ಇದಲ್ಲದೆ ನೂರಾರು ಗಂಟೆಗಳ ಪಾಠ, ಅದರಲ್ಲಿ ವೃತ್ತಿಧರ್ಮಕ್ಕೆಂದೇ ಮೀಸಲಾದ ಭಾಗ; ಕಡೆಗೆ ಮೂರು ಗಂಟೆಗಳಲ್ಲಿ 150 ಪ್ರಶ್ನೆಗಳ ಪರೀಕ್ಷೆ. ಒಮ್ಮೆ ತೇರ್ಗಡೆಯಾದರೆ ಜನ್ಮವಿಡೀ ನಿಶ್ಚಿಂತೆಯೂ ಇಲ್ಲ. ಎರಡು ವರ್ಷಗಳಿಗೊಮ್ಮೆ, ಹೊಸ ಪಾಠಗಳನ್ನು ಕೇಳಿದುದಕ್ಕೆ ಲೆಕ್ಕ ಒಪ್ಪಿಸಿ ಪತ್ರವನ್ನು ನವೀಕರಿಸಿಕೊಳ್ಳಬೇಕು.

ಸಲಹೆಗಾರನು ಬಲ್ಲವನಾಗಿರಬೇಕಾದ ಹನ್ನೆರಡು ಕಾರ್ಯಗಳನ್ನು ಆ ವೃತ್ತಿಯವರು ಎಣಿಸಿದ್ದಾರೆ. ಬಂದವನಿಗೆ ಈ ಚಿಕಿತ್ಸೆ ಹೊಂದುವುದೇ ಎಂದು ಶೋಧಿಸುವುದರಿಂದ ಮೊದಲುಗೊಂಡು, ದಾಖಲೆ ಬರೆದಿಡುವುದು, ವಿಷಮ ಗಳಿಗೆಯಲ್ಲಿ ಕೈನೀಡುವುದು, ಇತರ ತಜ್ಞರೊಡನೆ ಕೂಡಿ ಆಲೋಚಿಸುವುದು, ಇವೆಲ್ಲ ಅದರಲ್ಲಿ ಸೇರಿವೆ. ನಾವು ಯಾವುದನ್ನು 'ಸಲಹೆ ಹೇಳುವುದು' ಎನ್ನುತ್ತೇವೆಯೋ ಅದು ಹನ್ನೆರಡರಲ್ಲಿ ಒಂದು ಮಾತ್ರ! ನನ್ನನ್ನು ಕೇಳಿದರೆ, ಈ ಪಟ್ಟಿಯಲ್ಲಿ ಗೃಹಸ್ಥನ ದೃಷ್ಟಿಯಿಂದ ಅತ್ಯಮೂಲ್ಯವಾದದ್ದು ಇನ್ನೊಂದು: ತನ್ನ ಕೈಮೀರಿದವನನ್ನು ತಡಮಾಡದೆ ತಕ್ಕವರ ಬಳಿಗೆ ಕಳುಹಿಸುವ ವಿವೇಕ. ಬಹು ವರ್ಷ ಹೆಚ್ಚಾಗಿ ಕುಡಿದವನು ಒಮ್ಮೆಗೇ ನಿಲ್ಲಿಸಿದರೆ ಮೊದಲು ಕೈನಡುಕ, ಬೆವರು, ನಿದ್ರಾಭಂಗ. ಕೆಲವರಿಗೆ ಅಪಸ್ಮಾರದಂಥ ಸೆಳವು. ಎರಡು ಮೂರು ದಿನಗಳಾದ ಮೇಲೆ ಇಲ್ಲದುದನ್ನು ಕಂಡು ಬೆದರುವ ಸನ್ನಿ. ಈ ಸನ್ನಿಗೆ ವೈದ್ಯನ ಆರೈಕೆಯಿಲ್ಲದಿದ್ದರೆ ಪ್ರಾಣಕ್ಕೇ ಅಪಾಯ. "ಕೋಣೆಯಲ್ಲಿ ಕೂಡಿಹಾಕಿದರೆ ನಾಲ್ಕು ದಿನಕ್ಕೆ ಸರಿಹೋಗುತ್ತಾನೆ" ಎನ್ನುವವನು ಎಷ್ಟೇ ಸದುದ್ದೇಶದವನಾಗಿದ್ದರೂ ಕೊಲೆಗೆ ಸಮೀಪದಲ್ಲಿ ನಡೆಯುತ್ತಿದ್ದಾನೆ. ಪರೀಕ್ಷೆಗಳೂ ಗಂಟೆಗಳ ಲೆಕ್ಕವೂ ಏತಕ್ಕೆಂಬುದಕ್ಕೆ ಇದಕ್ಕಿಂತ ಬೇರೆ ಸಮರ್ಥನೆ ಬೇಕೆ?

ಇನ್ನು ಕಾಗದ ಬರೆದ ಮಹನೀಯರಿಗೆ ಉತ್ತರ. ತಮ್ಮ ಮಗಳ ಪತ್ರವು ಈ ಒಕ್ಕೂಟಕ್ಕೆ ಸೇರಿದ ಮಂಡಳಿಯದಾಗಿದ್ದು, ಹೋಗುವ ಸಂಸ್ಥಾನದ ಮಂಡಳಿಯೂ ಒಕ್ಕೂಟದ ಸದಸ್ಯನಾಗಿ ಅದೇ ದರ್ಜೆಯ ಪತ್ರವನ್ನು ಕೊಡುವುದಾಗಿದ್ದರೆ, ಮತ್ತೆ ಪರೀಕ್ಷೆಗೆ ಕೂರುವ ಅಗತ್ಯವಿಲ್ಲ. ಆದರೆ ಅರ್ಜಿಯ ದಾರಿಯನ್ನು ಗಮನಿಸಬೇಕು. ಅದು ಹೊಸ ಊರಿನಿಂದಲ್ಲ, ಹಳೆಯ ಊರಿನಿಂದ ಹೊರಡುತ್ತದೆ. ಈಗಿರುವ ಮಂಡಳಿಯು "ಈಕೆಯ ಪತ್ರ ಊರ್ಜಿತದಲ್ಲಿದೆ, ಇವಳ ಮೇಲೆ ದೂರಿಲ್ಲ" ಎಂದು ದೃಢಪಡಿಸಿ ಒಕ್ಕೂಟಕ್ಕೆ ಕಳುಹಿಸಬೇಕು. ಒಕ್ಕೂಟ ಅದನ್ನು ಹೊಸ ಮಂಡಳಿಗೆ ದಾಟಿಸುತ್ತದೆ. ಆದುದರಿಂದ ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಹಳೆಯ ಪತ್ರದ ಅವಧಿ ತೀರಿಹೋಗಲು ಬಿಡಬಾರದು. ತೀರಿಹೋದ ಪತ್ರ ಗಡಿ ದಾಟುವುದಿಲ್ಲ.

ಇಷ್ಟರಿಂದ ಎಲ್ಲವೂ ಮುಗಿಯಿತೆಂದು ತಿಳಿಯಬಾರದು. ಅರ್ಹತಾಪತ್ರ ಬೇರೆ, ಸನ್ನದು ಬೇರೆ. ಮೊದಲನೆಯದು ವೃತ್ತಿಯವರ ಮಂಡಳಿ ಕೊಡುವುದು. ಎರಡನೆಯದು ಸರಕಾರ ಕೊಡುವ ಅಧಿಕಾರ. ಟೆಕ್ಸಸ್ ಸಂಸ್ಥಾನದಲ್ಲಿ ಎರಡೂ ಅಕ್ಕಪಕ್ಕದಲ್ಲಿ ನಡೆಯುತ್ತವೆ. ಮಂಡಳಿಯ ಪತ್ರ ಕೈಸೇರಿದ ಮಾತ್ರಕ್ಕೆ ಸರಕಾರದ ಸನ್ನದು ಬಂದಂತಾಗಲಿಲ್ಲ. ನ್ಯೂಯಾರ್ಕಿನಲ್ಲಿ ಪತ್ರ ಕೊಡುವುದು ಸರಕಾರದ ಇಲಾಖೆಯೇ. ಕ್ಯಾಲಿಫೋರ್ನಿಯದಲ್ಲಿ ಈ ಸಲಹೆಗಾರರಿಗೆಂದೇ ಸರಕಾರ ಸನ್ನದು ಕೊಡುವ ಪದ್ಧತಿ ಬೆಳೆಯಲಿಲ್ಲ; ಸರಕಾರ ಒಪ್ಪಿದ ಖಾಸಗಿ ಸಂಘಗಳ ಪತ್ರವೇ ಆಧಾರವಾಯಿತು. ಸ್ನಾತಕೋತ್ತರ ವಿದ್ಯೆಯುಳ್ಳ ಮಾನಸಿಕ ಸಲಹೆಗಾರರಿಗಾಗಿ ಹಲವು ಸಂಸ್ಥಾನಗಳು ಶಾಸನದ ಮೂಲಕ ಮಾಡಿಕೊಂಡ ಒಡಂಬಡಿಕೆಯೊಂದು 2022ರಲ್ಲಿ ಊರ್ಜಿತಕ್ಕೆ ಬಂದಿತು. ಆದರೆ ವ್ಯಸನದ ಸಲಹೆಗೆ ಮಾತ್ರ ಪತ್ರ ಪಡೆದವರು ಅದರ ಕೊಡೆಯ ಕೆಳಗೆ ಬರುವುದಿಲ್ಲ.

ಪರಸ್ಪರ ಮಾನ್ಯತೆಯೆಂದರೆ ಕೆಲಸಗಾರರ ಅನುಕೂಲ ಮಾತ್ರವೆಂದು ಭಾವಿಸುವುದು ಸಹಜ. ಅದರ ಇನ್ನೊಂದು ಮುಖವನ್ನು ಕ್ಯಾಲಿಫೋರ್ನಿಯದ ಅನುಭವ ತೋರಿಸುತ್ತದೆ. 2013ರಲ್ಲಿ ಆ ಸಂಸ್ಥಾನದ ಸೆನೆಟಿನ ಪರಿಶೀಲನಾ ಕಚೇರಿ ಒಂದು ವರದಿಯನ್ನು ಹೊರಡಿಸಿತು. ಸಲಹೆಗಾರರಾಗಿ ಸೇರುವವರ ಪೂರ್ವಾಪರಾಧಗಳನ್ನು ಸರಕಾರ ಪರೀಕ್ಷಿಸುತ್ತಿರಲಿಲ್ಲವೆಂದೂ, ಲೈಂಗಿಕ ಅಪರಾಧಗಳಿಗೆ ಶಿಕ್ಷೆಹೊಂದಿದವರು ಸಹ ಈ ವೃತ್ತಿಯಲ್ಲಿ ಸೇರಿಕೊಂಡಿದ್ದರೆಂದೂ, ಒಂದು ಸಂಘ ಪತ್ರವನ್ನು ಕಿತ್ತುಕೊಂಡರೆ ಇನ್ನೊಂದು ಸಂಘದ ಬಾಗಿಲು ತಟ್ಟಿ ಕೆಲಸ ಮುಂದುವರಿಸಲು ದಾರಿಯಿತ್ತೆಂದೂ ಅದು ತಿಳಿಸಿತು. ವ್ಯಸನಿಯು ಎಂಥ ದುರ್ಬಲ ಸ್ಥಿತಿಯಲ್ಲಿ ಸಲಹೆಗಾರನ ಮುಂದೆ ಕೂರುತ್ತಾನೆಂಬುದನ್ನು, ಅದರಲ್ಲಿಯೂ ಹೆಂಗಸರು ಎಳೆಯರು ಎಷ್ಟು ನಿರಾಶ್ರಿತರಾಗಿ ಬರುತ್ತಾರೆಂಬುದನ್ನು ಯೋಚಿಸಿದರೆ ಮೈ ನಡುಗುತ್ತದೆ. ಅರ್ಹತೆ ಗಡಿ ದಾಟಬೇಕೆಂದು ಕೇಳುವವರು, ಅನರ್ಹತೆಯ ವಾರ್ತೆಯೂ ಅದೇ ವೇಗದಲ್ಲಿ ಗಡಿ ದಾಟಬೇಕೆಂದು ಕೇಳಬೇಕು. ಮಂಡಳಿಗಳ ನಡುವೆ ಕಾಗದ ಓಡಾಡುವ ಏರ್ಪಾಡಿನಿಂದ ರೋಗಿಗೆ ಆಗುವ ದೊಡ್ಡ ಉಪಕಾರ ಇದೇ ಎಂದು ನನಗೆ ತೋರುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಮರೆಯಲಾಗದು. ಪದವಿ ಪರೀಕ್ಷೆಗಳ ಬೇಲಿಯನ್ನು ಎತ್ತರ ಮಾಡುತ್ತ ಹೋದರೆ, ಈ ವೃತ್ತಿಗೆ ಜನ್ಮಕೊಟ್ಟ ಆ ಹಳೆಯ ಅನುಭವಿಗಳೇ ಹೊರಗೆ ಉಳಿಯುತ್ತಾರಲ್ಲವೆ, ಎಂಬುದು. ಆಕ್ಷೇಪದಲ್ಲಿ ತಿರುಳಿದೆ. ನರಕವನ್ನು ಹೊಕ್ಕು ಹೊರಬಂದವನ ಕಣ್ಣಿಗೆ ಕಾಣುವುದು ಪುಸ್ತಕದವನಿಗೆ ಕಾಣದು. ಒಕ್ಕೂಟದವರು ಇದಕ್ಕೆ ಮಾಡಿದ ಪರಿಹಾರವೆಂದರೆ, ತಾವೇ ವ್ಯಸನದಿಂದ ಚೇತರಿಸಿಕೊಂಡವರಿಗೆ 'ಸಹಚರ'ರೆಂಬ ಬೇರೆಯ ಪತ್ರ. ಅದಕ್ಕೆ ಪಾಠವೂ ಗಂಟೆಗಳೂ ಕಡಿಮೆ, ಅಧಿಕಾರವೂ ಮಿತ. ಸಹಚರ ಜೊತೆಯಲ್ಲಿ ನಡೆಯುತ್ತಾನೆ, ರೋಗವನ್ನು ನಿರ್ಣಯಿಸುವುದಿಲ್ಲ. ಇದು ವಿವೇಕದ ಏರ್ಪಾಡು. ಆದರೂ ತಾನು ಕುಡಿತ ಬಿಟ್ಟೆನೆಂಬುದೊಂದನ್ನೇ ವಿದ್ಯೆಯಾಗಿ ಮಾರುವವರನ್ನು ನಾನು ಒಪ್ಪಲಾರೆ. ಜ್ವರದಿಂದ ಎದ್ದವರೆಲ್ಲ ವೈದ್ಯರಾಗುವುದಾದರೆ ಊರಲ್ಲಿ ವೈದ್ಯರಿಗೆ ಬರವೆಲ್ಲಿ?

ನಮ್ಮ ನಾಡಿನ ಸ್ಥಿತಿ ಏನು? ಮದರಾಸಿನಲ್ಲಿ, ಈಗಿನ ಚೆನ್ನೈನಲ್ಲಿ, ಪತಿಯನ್ನು ಮದ್ಯವ್ಯಸನಕ್ಕೆ ಕಳೆದುಕೊಂಡ ಶಾಂತಿ ರಂಗನಾಥನ್ ಎಂಬ ಮಹಿಳೆ 1980ರಲ್ಲಿ ಪತಿಯ ಹೆಸರಿನಲ್ಲಿ ಚಿಕಿತ್ಸಾಲಯವನ್ನು ತೆರೆದು, ಮುಂದೆ ಅದನ್ನು ಸಲಹೆಗಾರರ ಶಿಕ್ಷಣದ ನೆಲೆಯನ್ನಾಗಿಯೂ ಮಾಡಿದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವುಂಟು. ದೂರದ ಊರುಗಳ ವೈದ್ಯರಿಗೂ ಸಲಹೆಗಾರರಿಗೂ ಅಲ್ಲಿಂದ ಪಾಠ ನಡೆಯುತ್ತದೆ. ಕೊಲಂಬೊ ಯೋಜನೆಯೆಂಬ ಹೆಸರನ್ನು ಹಿರಿಯ ವಾಚಕರು ಕೇಳಿರಬಹುದು. 1951ರಲ್ಲಿ ಕಾರ್ಯಾರಂಭ ಮಾಡಿದ ಆ ದೇಶಸಂಘದಲ್ಲಿ ಭಾರತವೂ ಮೊದಲಿನಿಂದ ಸದಸ್ಯ. 1973ರಲ್ಲಿ ಅದು ಮಾದಕವಸ್ತುಗಳ ವಿಷಯಕ್ಕಾಗಿ ಒಂದು ಶಾಖೆಯನ್ನು ತೆರೆಯಿತು. 2009ರಲ್ಲಿ ಏಷ್ಯದ ಸಲಹೆಗಾರರಿಗೆ ಪಾಠ ಹೇಳಿ ಪತ್ರ ಕೊಡುವ ಕೇಂದ್ರವನ್ನು ಸ್ಥಾಪಿಸಿತು. ಆ ಪತ್ರ ಒಳ್ಳೆಯ ವಿದ್ಯೆಗೆ ಗುರುತೇ ಹೊರತು, ಯಾವ ದೇಶದಲ್ಲಿಯೂ ವೃತ್ತಿ ನಡೆಸುವ ಸನ್ನದಲ್ಲ.

ನಮ್ಮಲ್ಲಿ 'ವ್ಯಸನದ ಸಲಹೆಗಾರ' ಎಂಬ ಹೆಸರಿಗೆ ವಕೀಲಿಯಂಥ ಪ್ರತ್ಯೇಕ ಸನ್ನದು ಬಂದಿಲ್ಲ. 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಶಾಸನದ ಪಟ್ಟಿಯಲ್ಲಿ ಸಲಹೆಗಾರರ ಹೆಸರೂ ಸೇರಿದೆ. ರಾಜ್ಯವಾರು ಮಂಡಳಿ, ರಾಜ್ಯವಾರು ದಾಖಲೆ ಎಂಬುದು ಅದರ ಕ್ರಮ. ಅಮೆರಿಕದವರು ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಬಿಡಿಸುತ್ತಿರುವ ಗಂಟು ಇಲ್ಲಿ ಬೀಳದಂತೆ ಮೊದಲೇ ಎಚ್ಚರವಹಿಸುವುದು ಲೇಸು. ಬೆಳಗಾವಿಯಲ್ಲಿ ಪತ್ರ ಪಡೆದವನು ಕೊಲ್ಹಾಪುರದಲ್ಲಿ ಅಪರಿಚಿತನಾಗಬಾರದು. ಅಗತ್ಯವಂತೂ ಕಣ್ಣಿಗೆ ಕಾಣುವಂತಿದೆ. ಕೇಂದ್ರ ಸರಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುವವರು; ಅದರ ದಾಸ್ಯಕ್ಕೆ ಬಿದ್ದವರಲ್ಲಿ 38 ಮಂದಿಗೆ ಒಬ್ಬನಿಗೆ ಮಾತ್ರ ಯಾವುದೋ ಒಂದು ಬಗೆಯ ಚಿಕಿತ್ಸೆ ದೊರೆತಿತ್ತು. ಉಳಿದ 37 ಮನೆಗಳ ಹೆಂಗಸರು ಏನು ಮಾಡಿದರೆಂಬುದನ್ನು ಯಾವ ಸಮೀಕ್ಷೆಯೂ ಬರೆದುಕೊಳ್ಳಲಿಲ್ಲ.

ಸನ್ನದಿಲ್ಲವೆಂದಾಕ್ಷಣ ಗೃಹಸ್ಥನ ಕೈಯಲ್ಲಿ ಆಯುಧವೇ ಇಲ್ಲವೆಂದಲ್ಲ. 2017ರ ಮಾನಸಿಕ ಆರೋಗ್ಯ ಶಾಸನವು ಮದ್ಯ ಮಾದಕವಸ್ತುಗಳ ದುರುಪಯೋಗದಿಂದ ಉಂಟಾಗುವ ಮನೋವಿಕಾರಗಳನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ಆದ್ದರಿಂದ ಅಂಥವರನ್ನು ಇಟ್ಟುಕೊಂಡು ಚಿಕಿತ್ಸೆ ಮಾಡುವ ಕೇಂದ್ರ ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಾಯಿತವಾಗಿರಬೇಕು. ರೋಗಿಯನ್ನು ಸರಪಳಿಯಿಂದ ಕಟ್ಟುವುದು ಅದರಂತೆ ನಿಷಿದ್ಧ. ನೋಂದಣಿಯ ಪತ್ರವನ್ನು ತೋರಿಸಿರೆಂದು ಕೇಳುವುದು ಅವಿನಯವಲ್ಲ. ಒಳ್ಳೆಯ ಕೇಂದ್ರದವರು ಅದನ್ನು ಗೋಡೆಯ ಮೇಲೆಯೇ ಹಾಕಿರುತ್ತಾರೆ. ಸಲಹೆಗಾರನು ಎಲ್ಲಿ ಓದಿದ, ಯಾರ ಕೈಕೆಳಗೆ ಎಷ್ಟು ಕಾಲ ಕೆಲಸ ಕಲಿತ, ರಾತ್ರಿ ಸೆಳವು ಬಂದರೆ ಯಾವ ವೈದ್ಯನನ್ನು ಕರೆಯುತ್ತಾನೆ, ಮನೆಯವರು ರೋಗಿಯನ್ನು ಯಾವಾಗ ನೋಡಬಹುದು, ಇಷ್ಟನ್ನು ಕೇಳಿರಿ. "ಮೂರು ತಿಂಗಳು ಯಾರೂ ಬರಕೂಡದು, ಹಣ ಮೊದಲೇ ಕಟ್ಟಬೇಕು" ಎಂಬ ಉತ್ತರ ಬಂದರೆ ಮಗನ ಕೈಹಿಡಿದುಕೊಂಡು ಮನೆಗೆ ಹಿಂದಿರುಗಿರಿ.

ಹೊರದೇಶದಲ್ಲಿ ಮಗನೋ ಸೊಸೆಯೋ ಈ ವ್ಯಸನಕ್ಕೆ ಸಿಲುಕಿರುವ ಮನೆಯವರು ಕೆಲವರು, ಕನ್ನಡ ಬಲ್ಲ ಸಲಹೆಗಾರರನ್ನು ಇಲ್ಲಿಂದಲೇ ವೀಡಿಯೊ ಕರೆಯ ಮೂಲಕ ಗೊತ್ತುಮಾಡಬಹುದೇ ಎಂದು ಕೇಳುತ್ತಾರೆ. ಅಮೆರಿಕದ ಸಂಸ್ಥಾನಗಳಲ್ಲಿ ಸಾಮಾನ್ಯವಾದ ನಿಯಮವೆಂದರೆ, ಸಲಹೆಗಾರ ಎಲ್ಲಿ ಕುಳಿತಿದ್ದಾನೆಂಬುದಲ್ಲ, ರೋಗಿ ಎಲ್ಲಿ ಕುಳಿತಿದ್ದಾನೆಂಬುದು ಮುಖ್ಯ. ಚಿಕಿತ್ಸೆ ನಡೆದುದು ಆ ನೆಲದಲ್ಲಿಯೇ ಎಂದು ಲೆಕ್ಕ. ಮಾತೃಭಾಷೆಯಲ್ಲಿ ಧೈರ್ಯ ಹೇಳುವುದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಚಿಕಿತ್ಸೆಯ ಹೊಣೆಯನ್ನು ರೋಗಿಯಿರುವ ಸಂಸ್ಥಾನದ ಅರ್ಹತೆಯುಳ್ಳವರಿಗೇ ವಹಿಸತಕ್ಕದ್ದು. ಅಲ್ಲಿಯ ಮಂಡಳಿಯಲ್ಲಿ ವಿಚಾರಿಸಿದರೆ ಪತ್ರ ಊರ್ಜಿತದಲ್ಲಿದೆಯೇ ಎಂಬುದು ತಿಳಿಯುತ್ತದೆ. ನಮ್ಮ ದೇಶದೊಳಗಿರುವವರಿಗಾದರೆ ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446 ಇದೆ. ಕರೆಗೆ ಹಣವಿಲ್ಲ, ಹತ್ತಿರದ ಕೇಂದ್ರ ಯಾವುದೆಂಬುದನ್ನು ಅಲ್ಲಿ ಕೇಳಿ ತಿಳಿಯಬಹುದು.